ಓವರ್‌ಕ್ಲಾಕಿಂಗ್‌ನಲ್ಲಿ ವೋಲ್ಟೇಜ್ ಹೊಂದಾಣಿಕೆ

ಓವರ್‌ಕ್ಲಾಕಿಂಗ್‌ನಲ್ಲಿ ವೋಲ್ಟೇಜ್ ಹೊಂದಾಣಿಕೆ ಎಂದರೆ, ಮೇಜುಗಣಕದ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಸುವಾಗ ಅದಕ್ಕೆ ಪೂರೈಕೆಯಾಗುವ ವೋಲ್ಟೇಜನ್ನು ಬದಲಾಯಿಸುವ ಕ್ರಿಯೆ. ಪ್ರೊಸೆಸರಿನ ಗಣನಾ ಕೋಶಗಳಿಗೆ, ಅಂದರೆ ಕೋರ್‌ಗಳಿಗೆ, ತಲುಪುವ ವೋಲ್ಟೇಜನ್ನು ಸಾಮಾನ್ಯವಾಗಿ ಕೋರ್ ವೋಲ್ಟೇಜ್ ಅಥವಾ ವಿ-ಕೋರ್ ಎಂದು ಕರೆಯಲಾಗುತ್ತದೆ. ಇಂದಿನ ಮೇಜುಗಣಕಗಳಲ್ಲಿ ಇದು ಕೆಲಸದ ಹೊರೆ ಇರುವಾಗ ಬಹುಮಟ್ಟಿಗೆ 1 ವೋಲ್ಟ್‌ನಿಂದ 1.5 ವೋಲ್ಟ್‌ನೊಳಗೆ ಇರುತ್ತದೆ. ಈ ಹೊಂದಾಣಿಕೆಯನ್ನು ಮದರ್‌ಬೋರ್ಡಿನ ಬಯೋಸ್ ಪರದೆಯಲ್ಲಿ ಅಥವಾ ಕಾರ್ಯಾಚರಣಾ ವ್ಯವಸ್ಥೆಯೊಳಗೆ ನಡೆಯುವ ತಂತ್ರಾಂಶದ ಮೂಲಕ ಮಾಡಲಾಗುತ್ತದೆ.

ಓವರ್‌ಕ್ಲಾಕಿಂಗ್‌ನಲ್ಲಿ ಬದಲಾಯಿಸುವ ಅಂಶಗಳ ಪೈಕಿ ಶಾಶ್ವತ ಹಾನಿ ಉಂಟುಮಾಡುವ ಶಕ್ತಿ ಮುಖ್ಯವಾಗಿ ಇರುವುದು ವೋಲ್ಟೇಜ್‌ಗೆ. ವೇಗವನ್ನು ಮಿತಿಮೀರಿ ಏರಿಸಿದರೆ ಗಣಕವು ಸ್ಥಗಿತಗೊಳ್ಳುತ್ತದೆ; ಮರುಚಾಲನೆ ಮಾಡಿ ಹಳೆಯ ವೇಗಕ್ಕೆ ಮರಳಬಹುದು. ವೋಲ್ಟೇಜನ್ನು ಮಿತಿಮೀರಿ ಏರಿಸಿದರೆ ಪ್ರೊಸೆಸರ್ ಸವೆಯುತ್ತದೆ, ಮತ್ತು ಆ ಸವೆತವನ್ನು ಸರಿಪಡಿಸುವ ದಾರಿಯಿಲ್ಲ. ಜೊತೆಗೆ, ಬಳಕೆದಾರರು ಬಯೋಸ್‌ನಲ್ಲಿ ಬರೆದ ಸಂಖ್ಯೆಯೂ ಪ್ರೊಸೆಸರಿನ ಒಳಗೆ ತಲುಪುವ ವೋಲ್ಟೇಜೂ ಒಂದೇ ಆಗಿರುವುದು ವಿರಳ. ಈ ವ್ಯತ್ಯಾಸವನ್ನು ಅರಿಯದೆ ಮಾಡಿದ ಹೊಂದಾಣಿಕೆಗಳೇ ಬಹುಪಾಲು ತೊಂದರೆಗಳಿಗೆ ಮೂಲ.

ವೇಗಕ್ಕೂ ವೋಲ್ಟೇಜ್‌ಗೂ ಇರುವ ಸಂಬಂಧ

ಪ್ರೊಸೆಸರಿನ ಪ್ರತಿಯೊಂದು ಕೆಲಸವೂ ಕ್ಲಾಕ್ ಸಂಕೇತದ ತಾಳಕ್ಕೆ ಅನುಗುಣವಾಗಿ ನಡೆಯುತ್ತದೆ. 4 ಗಿಗಾಹರ್ಟ್ಸ್ ವೇಗದಲ್ಲಿ ಒಂದು ಆವರ್ತಕ್ಕೆ ಸಿಗುವ ಸಮಯ 0.25 ನ್ಯಾನೋಸೆಕೆಂಡ್, 5 ಗಿಗಾಹರ್ಟ್ಸ್‌ನಲ್ಲಿ ಅದು 0.2 ನ್ಯಾನೋಸೆಕೆಂಡಿಗೆ ಇಳಿಯುತ್ತದೆ. ಈ ಅವಧಿಯೊಳಗೆ ಸಂಕೇತವು ಸಾಲಾಗಿ ಜೋಡಿಸಿದ ಹಲವು ಟ್ರಾನ್ಸಿಸ್ಟರ್‌ಗಳನ್ನು ದಾಟಿ, ಮುಂದಿನ ಸಂಗ್ರಹಸ್ಥಾನವನ್ನು ತಲುಪಿ ಅಲ್ಲಿ ಸ್ಥಿರವಾಗಿ ನಿಂತಿರಬೇಕು. ಅತ್ಯಂತ ನಿಧಾನವಾದ ದಾರಿಯಲ್ಲಿ ಸಂಕೇತವು ತಡವಾಗಿ ತಲುಪಿದರೆ ಸೊನ್ನೆ ಇರಬೇಕಾದಲ್ಲಿ ಒಂದು, ಒಂದು ಇರಬೇಕಾದಲ್ಲಿ ಸೊನ್ನೆ ದಾಖಲಾಗುತ್ತದೆ. ಓವರ್‌ಕ್ಲಾಕ್ ಮಾಡಿದ ಗಣಕದ ಅಸ್ಥಿರತೆಯ ಮೂಲರೂಪ ಇದು.

ಟ್ರಾನ್ಸಿಸ್ಟರ್ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳಲು ಅದರ ಮುಂದಿರುವ ಸಣ್ಣ ಧಾರಕತೆಯನ್ನು ತುಂಬಬೇಕು ಅಥವಾ ಬರಿದುಮಾಡಬೇಕು. ವೋಲ್ಟೇಜ್ ಹೆಚ್ಚಾದರೆ ಟ್ರಾನ್ಸಿಸ್ಟರಿನ ಮೂಲಕ ಹರಿಯುವ ವಿದ್ಯುತ್ ಪ್ರವಾಹವೂ ಹೆಚ್ಚಿ, ಈ ತುಂಬುವ ಕೆಲಸ ಬೇಗ ಮುಗಿಯುತ್ತದೆ. ಆದುದರಿಂದ ಹೆಚ್ಚಿನ ವೇಗಕ್ಕೆ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಆದರೆ ಈ ಲಾಭ ಅನಂತವಲ್ಲ. ಟ್ರಾನ್ಸಿಸ್ಟರ್‌ಗಳನ್ನು ಜೋಡಿಸುವ ತಾಮ್ರದ ತಂತಿಗಳಲ್ಲಿನ ವಿಳಂಬವು ವೋಲ್ಟೇಜ್ ಏರಿಸಿದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ಹೆಚ್ಚಿದ ಶಾಖದಿಂದ ತಂತಿಗಳ ರೋಧ ಏರಿ ವಿಳಂಬ ಬೆಳೆಯುವುದೂ ಉಂಟು. ಹೀಗಾಗಿ ಮೊದಲ ಕೆಲವು ಹೆಜ್ಜೆಗಳು ಅಗ್ಗವಾಗಿ ಸಿಗುತ್ತವೆ, ಕೊನೆಯ ಹೆಜ್ಜೆಗಳು ವಿಪರೀತ ದುಬಾರಿಯಾಗುತ್ತವೆ.

ಓವರ್‌ಕ್ಲಾಕಿಂಗ್ ಸಾಧ್ಯವಾಗಲು ಇನ್ನೊಂದು ಕಾರಣವಿದೆ. ತಯಾರಕರು ಪ್ರತಿ ಪ್ರೊಸೆಸರಿಗೂ ವೇಗ ಮತ್ತು ವೋಲ್ಟೇಜನ್ನು ಗೊತ್ತುಮಾಡುವಾಗ ಕಳಪೆ ತಂಪುಕಾರಕ, ಬಿಸಿ ಕೊಠಡಿ, ಅಗ್ಗದ ಮದರ್‌ಬೋರ್ಡ್, ಹಲವು ವರ್ಷಗಳ ಸವೆತ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಸುರಕ್ಷತೆಯ ಅಂತರವನ್ನು ಇಟ್ಟಿರುತ್ತಾರೆ. ಓವರ್‌ಕ್ಲಾಕ್ ಮಾಡುವವರು ಬಳಸಿಕೊಳ್ಳುವುದು ಬಹುಪಾಲು ಈ ಅಂತರವನ್ನೇ. ಒಂದೇ ಮಾದರಿಯ ಎರಡು ಪ್ರೊಸೆಸರ್‌ಗಳು ಒಂದೇ ವೇಗಕ್ಕೆ ಬೇರೆ ಬೇರೆ ವೋಲ್ಟೇಜ್ ಬೇಡುವುದು ಸಹಜ. ಹವ್ಯಾಸಿಗಳು ಇದನ್ನು ‘ಸಿಲಿಕಾನ್ ಲಾಟರಿ’ ಎನ್ನುತ್ತಾರೆ. ಬೇರೊಬ್ಬರ ಗಣಕದಲ್ಲಿ ಸರಿಹೊಂದಿದ ಸಂಖ್ಯೆಗಳನ್ನು ನಕಲು ಮಾಡುವುದು ಪ್ರಯೋಜನಕ್ಕೆ ಬಾರದಿರಲು ಇದೇ ಕಾರಣ.

ವಿದ್ಯುತ್ ವ್ಯಯ ಮತ್ತು ಶಾಖ

ಟ್ರಾನ್ಸಿಸ್ಟರ್‌ಗಳ ಹೊರಳುವಿಕೆಗೆ ತಗಲುವ ವಿದ್ಯುತ್ ವ್ಯಯವನ್ನು ಹೀಗೆ ಅಂದಾಜಿಸಲಾಗುತ್ತದೆ:

ವಿದ್ಯುತ್ ವ್ಯಯ = ಹೊರಳುವ ಧಾರಕತೆ × ವೋಲ್ಟೇಜ್² × ಆವರ್ತನ

ಇಲ್ಲಿ ವೋಲ್ಟೇಜ್ ವರ್ಗರೂಪದಲ್ಲಿದೆ ಎಂಬುದು ಮುಖ್ಯ. ಉದಾಹರಣೆಗೆ 1.20 ವೋಲ್ಟ್‌ನಲ್ಲಿ 4.0 ಗಿಗಾಹರ್ಟ್ಸ್ ವೇಗದಲ್ಲಿರುವ ಪ್ರೊಸೆಸರನ್ನು 1.35 ವೋಲ್ಟ್‌ಗೆ ಏರಿಸಿ 4.8 ಗಿಗಾಹರ್ಟ್ಸ್‌ನಲ್ಲಿ ನಡೆಸಿದರೆ ವೇಗವು ಶೇಕಡಾ 20ರಷ್ಟು ಹೆಚ್ಚುತ್ತದೆ. ವಿದ್ಯುತ್ ವ್ಯಯವಾದರೋ 1.27 × 1.2, ಅಂದರೆ ಸುಮಾರು 1.52 ಪಟ್ಟಾಗುತ್ತದೆ. ಶೇಕಡಾ 20ರ ವೇಗಕ್ಕೆ ಶೇಕಡಾ 52ರಷ್ಟು ಹೆಚ್ಚುವರಿ ಶಾಖವನ್ನು ಹೊರಹಾಕಬೇಕಾಗುತ್ತದೆ. ವೋಲ್ಟೇಜನ್ನು ಮುಟ್ಟದೆ ಅಷ್ಟೇ ವೇಗ ಸಿಕ್ಕಿದ್ದರೆ ಹೆಚ್ಚಳವೂ ಶೇಕಡಾ 20ರಲ್ಲೇ ನಿಲ್ಲುತ್ತಿತ್ತು.

ಇದಲ್ಲದೆ ಸೋರಿಕೆ ಪ್ರವಾಹವೆಂಬ ಇನ್ನೊಂದು ವ್ಯಯವಿದೆ. ಟ್ರಾನ್ಸಿಸ್ಟರ್ ಮುಚ್ಚಿದ ಸ್ಥಿತಿಯಲ್ಲಿರುವಾಗಲೂ ಅದರ ಮೂಲಕ ಅಲ್ಪ ಪ್ರವಾಹ ಹರಿಯುತ್ತಿರುತ್ತದೆ. ವೋಲ್ಟೇಜ್ ಏರಿದಂತೆ ಸೋರಿಕೆ ಹೆಚ್ಚುತ್ತದೆ, ಉಷ್ಣತೆ ಏರಿದಂತೆ ಇನ್ನಷ್ಟು ಹೆಚ್ಚುತ್ತದೆ. ಸೋರಿಕೆಯಿಂದ ಶಾಖ, ಶಾಖದಿಂದ ಸೋರಿಕೆ ಎಂಬ ಈ ಚಕ್ರವು ತಂಪುಕಾರಕದ ಸಾಮರ್ಥ್ಯವನ್ನು ಮೀರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಏರಿಸಿದ ವೋಲ್ಟೇಜ್‌ನಿಂದ ಪ್ರಯೋಜನವೇ ಇಲ್ಲದಂತಾಗುತ್ತದೆ. ತಂಪುಕಾರಕವು ಕೊಠಡಿಯ ಉಷ್ಣತೆಗಿಂತ ಕೆಳಗೆ ಪ್ರೊಸೆಸರನ್ನು ಇಳಿಸಲಾರದು. ರಾಯಚೂರು, ಕಲಬುರಗಿಗಳಂತೆ ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಊರುಗಳಲ್ಲಿ ಡಿಸೆಂಬರಿನಲ್ಲಿ ಸ್ಥಿರವಾಗಿದ್ದ ಹೊಂದಾಣಿಕೆ ಮೇ ತಿಂಗಳಲ್ಲಿ ಕೈಕೊಡಬಹುದು.

ಇತಿಹಾಸ

1993ರಲ್ಲಿ ಬಂದ ಮೊದಲ ಪೆಂಟಿಯಮ್ ಪ್ರೊಸೆಸರ್‌ಗಳು 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತಿದ್ದವು. ಮರುವರ್ಷದ ಮಾದರಿಗಳು 3.3 ವೋಲ್ಟ್‌ಗೂ, 1997ರ ಪೆಂಟಿಯಮ್ ಎಂಎಂಎಕ್ಸ್‌ನ ಕೋರ್ 2.8 ವೋಲ್ಟ್‌ಗೂ ಇಳಿದವು. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಅದೇ ಅನುಪಾತದಲ್ಲಿ ವೋಲ್ಟೇಜನ್ನೂ ಇಳಿಸಿದರೆ ಚದರ ಅಳತೆಗೆ ತಗಲುವ ವಿದ್ಯುತ್ ವ್ಯಯ ಸ್ಥಿರವಾಗಿರುತ್ತದೆ ಎಂದು ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಸೋರಿಕೆಯ ಕಾರಣದಿಂದ ಈ ಇಳಿಕೆ 2000ರ ದಶಕದ ಮಧ್ಯಭಾಗದಲ್ಲಿ 1 ವೋಲ್ಟ್‌ನ ಆಸುಪಾಸಿನಲ್ಲಿ ಬಹುತೇಕ ನಿಂತಿತು. ವೇಗದ ಓಟವೂ ಅಲ್ಲಿಯೇ ಕುಂಟಿತು.

1990ರ ದಶಕದಲ್ಲಿ ವೋಲ್ಟೇಜ್ ಬದಲಾಯಿಸಲು ಮದರ್‌ಬೋರ್ಡಿನ ಮೇಲಿನ ಜಂಪರ್‌ಗಳನ್ನು ಕೈಯಿಂದ ಸರಿಸಬೇಕಾಗಿತ್ತು. ದಶಕದ ಉತ್ತರಾರ್ಧದಲ್ಲಿ ಅಬಿಟ್ ಸಂಸ್ಥೆಯ ‘ಸಾಫ್ಟ್‌ಮೆನು’ ಇದನ್ನು ಬಯೋಸ್ ಪರದೆಗೆ ತಂದಿತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಈ ಹವ್ಯಾಸವನ್ನು ಜನಪ್ರಿಯಗೊಳಿಸಿದ ಪ್ರೊಸೆಸರ್. ಅದರ ಗುಣಕ 4.5ಕ್ಕೆ ಬಿಗಿಯಲ್ಪಟ್ಟಿತ್ತು, ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದೊಡನೆ 300 ಮೆಗಾಹರ್ಟ್ಸ್‌ನ ಅಗ್ಗದ ಪ್ರೊಸೆಸರ್ 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಹಲವು ಮಾದರಿಗಳು ಮೂಲ 2.0 ವೋಲ್ಟ್‌ನಲ್ಲಿಯೇ ಇದನ್ನು ಸಾಧಿಸುತ್ತಿದ್ದವು. ಹಾಗೆ ಆಗದವುಗಳಿಗೆ ತುಸು ವೋಲ್ಟೇಜ್ ಏರಿಸುವ ಸಲುವಾಗಿ ಬಳಕೆದಾರರು ಪ್ರೊಸೆಸರ್ ಹಲಗೆಯ ಕೆಲವು ಸಂಪರ್ಕಬಿಂದುಗಳಿಗೆ ಟೇಪ್ ಅಂಟಿಸುತ್ತಿದ್ದರು. ಮದರ್‌ಬೋರ್ಡಿಗೆ ಪ್ರೊಸೆಸರ್ ತಿಳಿಸುವ ವೋಲ್ಟೇಜ್ ಸಂಕೇತವನ್ನು ತಿರುಚುವ ಉಪಾಯ ಅದು.

ಪ್ರೊಸೆಸರಿಗೆ ವೋಲ್ಟೇಜ್ ತಲುಪುವ ಬಗೆ

ಗಣಕದ ವಿದ್ಯುತ್ ಪೂರೈಕೆ ಪೆಟ್ಟಿಗೆಯಿಂದ ಮದರ್‌ಬೋರ್ಡಿಗೆ ಬರುವುದು 12 ವೋಲ್ಟ್. ಪ್ರೊಸೆಸರ್ ಕುಳಿಯ ಸುತ್ತ ಇರುವ ವೋಲ್ಟೇಜ್ ನಿಯಂತ್ರಕವು ಇದನ್ನು 1 ವೋಲ್ಟ್‌ನ ಆಸುಪಾಸಿಗೆ ಇಳಿಸುತ್ತದೆ. ಇದರಲ್ಲಿ ವೇಗವಾಗಿ ತೆರೆದು ಮುಚ್ಚುವ ವಿದ್ಯುತ್ ಸ್ವಿಚ್‌ಗಳು, ಸುರುಳಿಗಳು ಮತ್ತು ಕೆಪಾಸಿಟರ್‌ಗಳಿರುತ್ತವೆ. ಹೊರೆಯನ್ನು ಹಂಚಿಕೊಳ್ಳಲು ಇಂತಹ ಹಲವು ಘಟಕಗಳು ಸರದಿಯಂತೆ ದುಡಿಯುತ್ತವೆ. ಪ್ರತಿ ಘಟಕವನ್ನು ‘ಫೇಸ್’ ಎನ್ನುತ್ತಾರೆ. ಎಷ್ಟು ವೋಲ್ಟೇಜ್ ಬೇಕೆಂಬುದನ್ನು ಪ್ರೊಸೆಸರೇ ಒಂದು ಸಂಕೇತದ ಮೂಲಕ ಕೇಳುತ್ತದೆ. ಈ ಬೇಡಿಕೆಗೆ ವಿಐಡಿ ಎಂದು ಹೆಸರು. ವಿಐಡಿ ಎಂಬುದು ಕೇಳಿದ ವೋಲ್ಟೇಜ್, ವಿ-ಕೋರ್ ಎಂಬುದು ದೊರೆತ ವೋಲ್ಟೇಜ್. ಮೇಲ್ವಿಚಾರಣಾ ತಂತ್ರಾಂಶಗಳು ಎರಡನ್ನೂ ಅಕ್ಕಪಕ್ಕದಲ್ಲಿ ತೋರಿಸುವುದರಿಂದ ಹೊಸಬರು ಒಂದನ್ನು ಇನ್ನೊಂದೆಂದು ಭಾವಿಸುವುದು ಸಾಮಾನ್ಯ.

ವೋಲ್ಟೇಜ್ ಕಡಿಮೆಯಿದ್ದರೂ ಪ್ರವಾಹ ಬಹಳ ದೊಡ್ಡದು. 1.25 ವೋಲ್ಟ್‌ನಲ್ಲಿ 150 ವಾಟ್ ಬಳಸುವ ಪ್ರೊಸೆಸರಿಗೆ 120 ಆಂಪಿಯರ್ ಪ್ರವಾಹ ಬೇಕು. ಇಷ್ಟು ಪ್ರವಾಹಕ್ಕೆ ದಾರಿಯಲ್ಲಿ ಒಂದು ಮಿಲಿಓಮ್ ರೋಧ ಎದುರಾದರೂ 0.12 ವೋಲ್ಟ್ ಕುಸಿಯುತ್ತದೆ. ಹೊರೆ ಬಿದ್ದಾಗ ವೋಲ್ಟೇಜ್ ಹೀಗೆ ತಗ್ಗುವುದನ್ನು ಹವ್ಯಾಸಿಗಳು ‘ವಿ-ಡ್ರೂಪ್’ ಎನ್ನುತ್ತಾರೆ.

ಈ ಕುಸಿತವನ್ನು ಮದರ್‌ಬೋರ್ಡಿನ ದೋಷವೆಂದು ತಿಳಿಯುವವರುಂಟು. ವಾಸ್ತವದಲ್ಲಿ ಇದು ಉದ್ದೇಶಪೂರ್ವಕ ವಿನ್ಯಾಸ. ಪ್ರೊಸೆಸರ್ 120 ಆಂಪಿಯರ್ ಸೆಳೆಯುತ್ತಿರುವಾಗ ಕೆಲಸ ಹಠಾತ್ತನೆ ಮುಗಿದರೆ, ಸುರುಳಿಗಳಲ್ಲಿ ಹರಿಯುತ್ತಿದ್ದ ಪ್ರವಾಹ ತಕ್ಷಣ ನಿಲ್ಲುವುದಿಲ್ಲ. ಅದು ಕೆಪಾಸಿಟರ್‌ಗಳಿಗೆ ನುಗ್ಗಿ ವೋಲ್ಟೇಜನ್ನು ಕೆಲವು ಮೈಕ್ರೋಸೆಕೆಂಡುಗಳ ಕಾಲ ಮೇಲಕ್ಕೆ ಚಿಮ್ಮಿಸುತ್ತದೆ. ಹೊರೆಯಿರುವಾಗ ವೋಲ್ಟೇಜ್ ಮೊದಲೇ ತಗ್ಗಿರುವುದಾದರೆ ಈ ಚಿಮ್ಮುವಿಕೆಯ ಶಿಖರವೂ ಸುರಕ್ಷಿತ ಮಿತಿಯೊಳಗೆ ಉಳಿಯುತ್ತದೆ. ಪ್ರವಾಹ ಹೆಚ್ಚಿದಂತೆ ವೋಲ್ಟೇಜ್ ಎಷ್ಟು ಇಳಿಯಬೇಕೆಂಬ ಈ ಯೋಜಿತ ಇಳಿಜಾರನ್ನು ‘ಲೋಡ್ ಲೈನ್’ ಎನ್ನಲಾಗುತ್ತದೆ. ಇದನ್ನು ಮಿಲಿಓಮ್‌ಗಳಲ್ಲಿ ಹೇಳಲಾಗುತ್ತದೆ. 1.1 ಮಿಲಿಓಮ್‌ನ ಲೋಡ್ ಲೈನ್ ಇದ್ದು, ಬಯೋಸ್‌ನಲ್ಲಿ 1.35 ವೋಲ್ಟ್ ಬರೆದಿದ್ದರೆ, 120 ಆಂಪಿಯರ್ ಹೊರೆಯಲ್ಲಿ ಪ್ರೊಸೆಸರಿಗೆ ತಲುಪುವುದು ಸುಮಾರು 1.22 ವೋಲ್ಟ್ ಮಾತ್ರ.

ಓವರ್‌ಕ್ಲಾಕಿಂಗ್‌ಗೆ ಒಗ್ಗುವ ಮದರ್‌ಬೋರ್ಡ್‌ಗಳಲ್ಲಿ ‘ಲೋಡ್ ಲೈನ್ ಕ್ಯಾಲಿಬ್ರೇಷನ್’, ಸಂಕ್ಷೇಪವಾಗಿ ಎಲ್‌ಎಲ್‌ಸಿ, ಎಂಬ ಆಯ್ಕೆ ಇರುತ್ತದೆ. ಇದು ಇಳಿಜಾರನ್ನು ಸಪಾಟುಗೊಳಿಸಿ ಹೊರೆಯಲ್ಲಿಯೂ ವೋಲ್ಟೇಜನ್ನು ಎತ್ತಿ ಹಿಡಿಯುತ್ತದೆ. ಮಧ್ಯಮ ಮಟ್ಟದಲ್ಲಿ ಇದು ಉಪಯುಕ್ತ. ಅತ್ಯುನ್ನತ ಮಟ್ಟದಲ್ಲಿಟ್ಟರೆ ಹೊರೆ ಬಿದ್ದಾಗ ವೋಲ್ಟೇಜ್ ನಿಗದಿತ ಮೌಲ್ಯಕ್ಕಿಂತಲೂ ಮೇಲೇರಬಹುದು, ಮತ್ತು ಹೊರೆ ಇಳಿದಾಗಿನ ಶಿಖರವು ಮಿತಿಯನ್ನು ದಾಟಬಹುದು. ಸೆಕೆಂಡಿಗೆ ಒಂದೆರಡು ಬಾರಿ ಮಾತ್ರ ಅಳೆಯುವ ತಂತ್ರಾಂಶಕ್ಕಾಗಲೀ ಮಲ್ಟಿಮೀಟರಿಗಾಗಲೀ ಈ ಶಿಖರಗಳು ಕಾಣಿಸುವುದಿಲ್ಲ. ಅವುಗಳನ್ನು ಹಿಡಿಯಲು ಆಸಿಲ್ಲೋಸ್ಕೋಪ್ ಬೇಕು. ಪರದೆಯಲ್ಲಿ ನೇರವಾಗಿ ನಿಂತ ರೇಖೆಯನ್ನು ಕಂಡು ನಿಶ್ಚಿಂತರಾಗುವುದು ಆದ್ದರಿಂದಲೇ ತರವಲ್ಲ. ಬಯೋಸ್‌ನಲ್ಲಿ ತುಸು ಹೆಚ್ಚಿನ ವೋಲ್ಟೇಜ್ ಬರೆದು ಸಹಜ ಕುಸಿತಕ್ಕೆ ಅವಕಾಶ ಕೊಡುವುದು, ಕಡಿಮೆ ಬರೆದು ಎಲ್‌ಎಲ್‌ಸಿಯನ್ನು ತುದಿಗೇರಿಸುವುದಕ್ಕಿಂತ ಒಳ್ಳೆಯದು.

ತಂತ್ರಾಂಶ ತೋರಿಸುವ ವಿ-ಕೋರ್ ಕೂಡ ಪೂರ್ಣ ನಂಬಿಕೆಗೆ ಅರ್ಹವಲ್ಲ. ಹಲವು ಮದರ್‌ಬೋರ್ಡ್‌ಗಳಲ್ಲಿ ಅದನ್ನು ಪ್ರೊಸೆಸರಿನ ಹೊರಗೆ, ಹಲಗೆಯ ಮೇಲಿನ ಒಂದು ಬಿಂದುವಿನಲ್ಲಿ ಅಳೆಯಲಾಗುತ್ತದೆ. ಅಲ್ಲಿಂದ ಸಿಲಿಕಾನಿನವರೆಗಿನ ಕುಳಿ ಮತ್ತು ಸಂಪರ್ಕಗಳ ರೋಧದಲ್ಲಿ ಆಗುವ ನಷ್ಟ ಲೆಕ್ಕಕ್ಕೆ ಸಿಗದು. ಈಚಿನ ದುಬಾರಿ ಮದರ್‌ಬೋರ್ಡ್‌ಗಳು ಸಿಲಿಕಾನಿನಿಂದಲೇ ಮರಳಿ ಬರುವ ಸಂವೇದಕ ತಂತಿಯನ್ನು ಬಳಸುತ್ತವೆ. ಅವುಗಳ ಅಳತೆ ಹೆಚ್ಚು ನಿಖರ. ಹೀಗಾಗಿ ಬೇರೆ ಬೇರೆ ಮದರ್‌ಬೋರ್ಡ್‌ಗಳಲ್ಲಿ ಅಳೆದ ವೋಲ್ಟೇಜ್‌ಗಳನ್ನು ಹೋಲಿಸುವುದು ಸರಿಯಾದ ಕ್ರಮವಲ್ಲ.

2013ರ ಹ್ಯಾಸ್ವೆಲ್ ಪ್ರೊಸೆಸರ್‌ಗಳಲ್ಲಿ ಇಂಟೆಲ್ ನಿಯಂತ್ರಕದ ಒಂದು ಹಂತವನ್ನು ಪ್ರೊಸೆಸರಿನ ಒಳಗೇ ಸೇರಿಸಿತು. ಮದರ್‌ಬೋರ್ಡ್ ಸುಮಾರು 1.8 ವೋಲ್ಟ್ ನೀಡುತ್ತಿತ್ತು, ಒಳಗಿನ ನಿಯಂತ್ರಕ ಅದನ್ನು ಕೋರ್‌ಗಳಿಗೆ ಬೇಕಾದ ಮಟ್ಟಕ್ಕೆ ಇಳಿಸುತ್ತಿತ್ತು. 2015ರ ಸ್ಕೈಲೇಕ್ ಮೇಜುಗಣಕ ಪ್ರೊಸೆಸರ್‌ಗಳಲ್ಲಿ ಈ ವ್ಯವಸ್ಥೆಯನ್ನು ಕೈಬಿಡಲಾಯಿತು.

ಹೊಂದಾಣಿಕೆಯ ವಿಧಾನಗಳು

ಸ್ಥಿರ ವಿಧಾನದಲ್ಲಿ ಒಂದೇ ವೋಲ್ಟೇಜನ್ನು ಬರೆದು ನಿಲ್ಲಿಸಲಾಗುತ್ತದೆ. ಗಣಕ ಸುಮ್ಮನಿರುವಾಗಲೂ ಅದೇ ವೋಲ್ಟೇಜ್ ಇರುತ್ತದೆ. ಪ್ರೊಸೆಸರಿನ ಮಿತಿಯನ್ನು ಹುಡುಕುವ ಆರಂಭಿಕ ಹಂತಕ್ಕೆ ಇದು ಅನುಕೂಲಕರ, ಏಕೆಂದರೆ ಬದಲಾಗುವ ಅಂಶಗಳು ಕಡಿಮೆ.

ಆಫ್‌ಸೆಟ್ ವಿಧಾನದಲ್ಲಿ ಪ್ರೊಸೆಸರ್ ಕೇಳುವ ವೋಲ್ಟೇಜ್‌ಗೆ ನಿಗದಿತ ಮೊತ್ತವನ್ನು ಕೂಡಿಸಲಾಗುತ್ತದೆ ಅಥವಾ ಕಳೆಯಲಾಗುತ್ತದೆ. ವೇಗ ಇಳಿದಾಗ ವೋಲ್ಟೇಜೂ ಇಳಿಯುವುದರಿಂದ ದಿನಬಳಕೆಗೆ ಇದು ಒಳಿತು. ಆದರೆ ಕೂಡಿಸಿದ ಮೊತ್ತವು ಎಲ್ಲ ವೇಗಗಳಿಗೂ ಅನ್ವಯಿಸುತ್ತದೆ. ಕಳೆದಿದ್ದರೆ, ಪೂರ್ಣ ಹೊರೆಯಲ್ಲಿ ಗಟ್ಟಿಯಾಗಿ ನಿಂತ ಗಣಕ ಸುಮ್ಮನಿರುವಾಗ ಕುಸಿದುಬೀಳುವ ವಿಚಿತ್ರವೂ ಸಂಭವಿಸುತ್ತದೆ. ಅಡಾಪ್ಟಿವ್ ವಿಧಾನವು ಮುಖ್ಯವಾಗಿ ಟರ್ಬೊ ವೇಗಗಳಿಗೆ ಸೀಮಿತವಾಗಿ ಹೆಚ್ಚುವರಿ ವೋಲ್ಟೇಜ್ ಕೊಡುತ್ತದೆ. ಹ್ಯಾಸ್ವೆಲ್‌ನಲ್ಲಿ ಇದಕ್ಕೊಂದು ಅಪಾಯವಿತ್ತು: ಎವಿಎಕ್ಸ್ ಆದೇಶಗಳನ್ನು ಬಳಸುವ ಭಾರಿ ಪರೀಕ್ಷೆಗಳ ವೇಳೆ ಪ್ರೊಸೆಸರ್ ಬಳಕೆದಾರರು ಬರೆದುದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ತಾನಾಗಿಯೇ ತೆಗೆದುಕೊಳ್ಳುತ್ತಿತ್ತು.

ಈಚಿನ ಪ್ರೊಸೆಸರ್‌ಗಳಲ್ಲಿ ವೇಗ ಮತ್ತು ವೋಲ್ಟೇಜ್‌ಗಳ ನಡುವಿನ ಇಡೀ ವಕ್ರರೇಖೆಯನ್ನೇ ತಿದ್ದಬಹುದು. ಇಂಟೆಲ್‌ನ ಹತ್ತನೆಯ ತಲೆಮಾರಿನಿಂದ ವಕ್ರರೇಖೆಯ ಬಿಂದುಗಳನ್ನು ಪ್ರತ್ಯೇಕವಾಗಿ ಬದಲಾಯಿಸುವ ಅವಕಾಶ ಬಂದಿದೆ. ಎಎಂಡಿಯ ‘ಕರ್ವ್ ಆಪ್ಟಿಮೈಸರ್’ ರೈಝೆನ್ 5000 ಸರಣಿಯೊಂದಿಗೆ ಬಳಕೆಗೆ ಬಂದು, ಪ್ರತಿ ಕೋರಿಗೂ ಬೇರೆ ಬೇರೆ ತಿದ್ದುಪಡಿಯನ್ನು ಸಾಧ್ಯವಾಗಿಸಿತು. ಇಲ್ಲಿ ಸಾಮಾನ್ಯವಾಗಿ ವೋಲ್ಟೇಜನ್ನು ಇಳಿಸಲಾಗುತ್ತದೆ. ಉಳಿದ ವಿದ್ಯುತ್ತು ಮತ್ತು ಶಾಖದ ಅವಕಾಶವನ್ನು ಪ್ರೊಸೆಸರ್ ತಾನೇ ವೇಗಕ್ಕೆ ಬಳಸಿಕೊಳ್ಳುತ್ತದೆ.

ಮದರ್‌ಬೋರ್ಡಿನ ‘ಆಟೋ’ ಆಯ್ಕೆ ಹೆಸರಿಗೆ ಸುರಕ್ಷಿತವೆನಿಸಿದರೂ, ವೇಗವನ್ನು ಏರಿಸಿದಾಗ ಅದು ಸ್ಥಿರತೆಯ ಖಾತರಿಗಾಗಿ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜನ್ನು ಧಾರಾಳವಾಗಿ ಸುರಿಯುವುದು ಸಾಮಾನ್ಯ. ವೇಗವನ್ನು ಏರಿಸಿ ವೋಲ್ಟೇಜನ್ನು ಆಟೋದಲ್ಲಿ ಬಿಡುವುದು ಅತ್ಯಂತ ಅವಿವೇಕದ ಆಯ್ಕೆ ಎನ್ನಬಹುದು.

ಇತರ ವೋಲ್ಟೇಜ್‌ಗಳು

ಕೋರ್‌ಗಳಲ್ಲದೆ ಮೆಮೊರಿ ನಿಯಂತ್ರಕ, ಹಂಚಿಕೆಯ ಕ್ಯಾಶ್, ಒಳಸಂಪರ್ಕ ಜಾಲ ಮುಂತಾದ ಭಾಗಗಳಿಗೆ ಬೇರೆ ವೋಲ್ಟೇಜ್‌ಗಳಿರುತ್ತವೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಿಸ್ಟಮ್ ಏಜೆಂಟ್ ವೋಲ್ಟೇಜ್, ಎಎಂಡಿಯಲ್ಲಿ ಎಸ್‌ಓಸಿ ವೋಲ್ಟೇಜ್ ಎಂಬ ಹೆಸರುಗಳು ಕಾಣಸಿಗುತ್ತವೆ. ಇವು ಮುಖ್ಯವಾಗಿ ಮೆಮೊರಿಯ ವೇಗವನ್ನು ಏರಿಸಿದಾಗ ಪ್ರಸ್ತುತವಾಗುತ್ತವೆ. ಮೆಮೊರಿ ನಿಯಂತ್ರಕವು ಪ್ರೊಸೆಸರಿನೊಳಗೆ ಬಂದ ಮೇಲೆ ಮೆಮೊರಿಗೆ ಕೊಡುವ ವೋಲ್ಟೇಜೂ ಪ್ರೊಸೆಸರಿಗೆ ಅಪಾಯ ತರಬಲ್ಲದಾಯಿತು. 2008ರ ನೆಹಾಲೆಮ್ ಪ್ರೊಸೆಸರ್‌ಗಳ ಜೊತೆ ಡಿಡಿಆರ್3 ಮೆಮೊರಿಗೆ 1.65 ವೋಲ್ಟ್ ಮೀರಕೂಡದೆಂದು ಇಂಟೆಲ್ ಎಚ್ಚರಿಸಿದ್ದು ಈ ಕಾರಣಕ್ಕೆ.

ಒಂದು ಉದಾಹರಣೆ: ಕೋರ್ ಐ5-2500ಕೆ

2011ರ ಜನವರಿಯಲ್ಲಿ ಬಂದ ಇಂಟೆಲ್ ಸ್ಯಾಂಡಿ ಬ್ರಿಡ್ಜ್ ಸರಣಿಯ ಕೋರ್ ಐ5-2500ಕೆ, ವೋಲ್ಟೇಜ್ ಹೊಂದಾಣಿಕೆಯ ಕ್ರಮವನ್ನು ತಿಳಿಯಲು ಒಳ್ಳೆಯ ಉದಾಹರಣೆ. 32 ನ್ಯಾನೋಮೀಟರ್ ತಂತ್ರಜ್ಞಾನದ, ನಾಲ್ಕು ಕೋರ್‌ಗಳ ಈ ಪ್ರೊಸೆಸರಿನ ಮೂಲ ವೇಗ 3.3 ಗಿಗಾಹರ್ಟ್ಸ್, ಟರ್ಬೊ ವೇಗ 3.7 ಗಿಗಾಹರ್ಟ್ಸ್. ಆಧಾರ ಕ್ಲಾಕ್ 100 ಮೆಗಾಹರ್ಟ್ಸ್. ಅದರೊಂದಿಗೆ ಪಿಸಿಐ ಎಕ್ಸ್‌ಪ್ರೆಸ್ ಮುಂತಾದ ಸಂಪರ್ಕಗಳೂ ಹೆಣೆದುಕೊಂಡಿದ್ದುದರಿಂದ ಆಧಾರ ಕ್ಲಾಕನ್ನು ಕೆಲವೇ ಮೆಗಾಹರ್ಟ್ಸ್‌ಗಿಂತ ಹೆಚ್ಚು ಏರಿಸುವಂತಿರಲಿಲ್ಲ. ಉಳಿದ ದಾರಿ ಗುಣಕ. ಅದು ‘ಕೆ’ ಅಕ್ಷರವಿರುವ ಮಾದರಿಗಳಲ್ಲಿ ಮಾತ್ರ ಪೂರ್ತಿ ತೆರೆದಿತ್ತು.

ಗುಣಕವನ್ನು 42ಕ್ಕೆ ಏರಿಸಿ 4.2 ಗಿಗಾಹರ್ಟ್ಸ್ ತಲುಪಲು ಅನೇಕ ಮಾದರಿಗಳಿಗೆ ಮೂಲ ವೋಲ್ಟೇಜೇ ಸಾಕಾಗುತ್ತಿತ್ತು, ಅಥವಾ ಅತ್ಯಲ್ಪ ಏರಿಕೆ ಬೇಕಾಗುತ್ತಿತ್ತು. 4.5 ಗಿಗಾಹರ್ಟ್ಸ್‌ಗೆ 1.3 ವೋಲ್ಟ್‌ನ ಆಸುಪಾಸು ಬೇಕಾಗುತ್ತಿದ್ದುದು ಸಾಮಾನ್ಯ. ಅಲ್ಲಿಂದ ಮುಂದೆ ಪ್ರತಿ 100 ಮೆಗಾಹರ್ಟ್ಸ್‌ಗೂ ಬೇಕಾದ ಏರಿಕೆ ದೊಡ್ಡದಾಗುತ್ತ ಹೋಗುತ್ತಿತ್ತು. ಹೀಗೆ ರೇಖೆ ಕಡಿದಾಗುವ ಬಿಂದುವೇ ಪ್ರೊಸೆಸರಿನ ಸಹಜ ಎಲ್ಲೆ. ದಿನಬಳಕೆಗೆ ಅದಕ್ಕಿಂತ ಒಂದೆರಡು ಹೆಜ್ಜೆ ಕೆಳಗೆ ನಿಲ್ಲುವುದು ಲೇಸು.

ರೂಢಿಯ ಕ್ರಮ ಹೀಗಿದೆ. ಮೂಲ ಸ್ಥಿತಿಯಲ್ಲಿ ಪೂರ್ಣ ಹೊರೆಯಡಿ ವೋಲ್ಟೇಜ್ ಮತ್ತು ಉಷ್ಣತೆಗಳನ್ನು ಗುರುತು ಹಾಕಿಕೊಳ್ಳಲಾಗುತ್ತದೆ. ಆ ವೋಲ್ಟೇಜನ್ನೇ ಸ್ಥಿರಗೊಳಿಸಿ ಗುಣಕವನ್ನು ಒಂದೊಂದಾಗಿ ಏರಿಸಿ, ಪ್ರತಿ ಸಲ ಸ್ವಲ್ಪ ಹೊತ್ತು ಪರೀಕ್ಷೆ ನಡೆಸಲಾಗುತ್ತದೆ. ಗಣಕ ತಪ್ಪಿದಾಗ ವೋಲ್ಟೇಜನ್ನು 0.01ರಿಂದ 0.02 ವೋಲ್ಟ್‌ನಷ್ಟು ಏರಿಸಿ ಮತ್ತೆ ಪರೀಕ್ಷಿಸಲಾಗುತ್ತದೆ. ಒಂದು ಬಾರಿಗೆ ಒಂದೇ ಅಂಶವನ್ನು ಬದಲಾಯಿಸುವುದು ಇಲ್ಲಿನ ಮುಖ್ಯ ಶಿಸ್ತು. ಉಷ್ಣತೆ ಅಥವಾ ವೋಲ್ಟೇಜ್ ಮೊದಲೇ ಗೊತ್ತುಮಾಡಿಕೊಂಡ ಮಿತಿಯನ್ನು ಮುಟ್ಟಿದಲ್ಲಿಗೆ ಏರಿಕೆ ನಿಲ್ಲಬೇಕು. ಕೊನೆಯಲ್ಲಿ ಸ್ಥಿರ ವಿಧಾನದಿಂದ ಆಫ್‌ಸೆಟ್ ಅಥವಾ ಅಡಾಪ್ಟಿವ್ ವಿಧಾನಕ್ಕೆ ಬದಲಾಯಿಸಿ ಪುನಃ ಪರೀಕ್ಷೆ ಮಾಡಲಾಗುತ್ತದೆ.

ಸ್ಯಾಂಡಿ ಬ್ರಿಡ್ಜ್‌ನ ತಾಂತ್ರಿಕ ದಾಖಲೆಯಲ್ಲಿ ವಿಐಡಿ ವ್ಯಾಪ್ತಿ 1.52 ವೋಲ್ಟ್‌ವರೆಗೆ ಇರುವುದನ್ನು ನೋಡಿ, ಅಷ್ಟು ವೋಲ್ಟೇಜ್ ಸುರಕ್ಷಿತವೆಂದು ಇಂಟೆಲ್ ಹೇಳಿದೆ ಎಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಇದು ತಪ್ಪು ತಿಳಿವಳಿಕೆ. ಆ ಸಂಖ್ಯೆ ಸಂಕೇತಪಟ್ಟಿ ವ್ಯಕ್ತಪಡಿಸಬಲ್ಲ ಗರಿಷ್ಠ ಮೌಲ್ಯವೇ ಹೊರತು ಶಿಫಾರಸಾದ ವೋಲ್ಟೇಜ್ ಅಲ್ಲ. ವಾಹನದ ವೇಗಮಾಪಕದಲ್ಲಿ ಅಚ್ಚಾದ ಕೊನೆಯ ಅಂಕಿಯಂತೆ ಅದನ್ನು ಕಾಣಬೇಕು.

ಮುಂದಿನ ವರ್ಷದ ಐವಿ ಬ್ರಿಡ್ಜ್ ಪ್ರೊಸೆಸರ್‌ಗಳು 22 ನ್ಯಾನೋಮೀಟರಿಗೆ ಇಳಿದವಾದರೂ ಓವರ್‌ಕ್ಲಾಕ್‌ನಲ್ಲಿ ಹೆಚ್ಚು ಬಿಸಿಯಾಗುತ್ತಿದ್ದವು. ಸಿಲಿಕಾನಿಗೂ ಲೋಹದ ಮುಚ್ಚಳಕ್ಕೂ ನಡುವೆ ಬೆಸುಗೆಯ ಬದಲು ಶಾಖವಾಹಕ ಲೇಪವನ್ನು ಬಳಸಿದ್ದು ಇದಕ್ಕೆ ಒಂದು ಕಾರಣ. ಒಂದು ತಲೆಮಾರಿನ ವೋಲ್ಟೇಜ್ ಮಿತಿ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಸ್ಥಿರತೆಯ ಪರೀಕ್ಷೆ

ಪ್ರೈಮ್95, ಲಿನ್‌ಪ್ಯಾಕ್, ಓಸಿಸಿಟಿ ಮುಂತಾದ ತಂತ್ರಾಂಶಗಳು ಉತ್ತರ ಮೊದಲೇ ತಿಳಿದಿರುವ ಅಥವಾ ತಾಳೆ ನೋಡಬಹುದಾದ ಲೆಕ್ಕಗಳನ್ನು ಗಂಟೆಗಟ್ಟಲೆ ಮಾಡಿಸಿ ತಪ್ಪುಗಳನ್ನು ಪತ್ತೆಹಚ್ಚುತ್ತವೆ. ಮೆರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು ಹುಟ್ಟಿದ ಪ್ರೈಮ್95 ಹೀಗೆ ಪರೀಕ್ಷಾ ಸಾಧನವಾಗಿ ಹೆಚ್ಚು ಹೆಸರಾಗಿದೆ. ವೋಲ್ಟೇಜ್ ಕೊರತೆಯ ಲಕ್ಷಣಗಳು ನೀಲಿ ಪರದೆ, ಸ್ಥಗಿತ ಅಥವಾ ತಾನಾಗಿ ಮರುಚಾಲನೆ. ಇವು ಕಣ್ಣಿಗೆ ಕಾಣುವಂಥವು. ಕಾಣದ ಲಕ್ಷಣ ಹೆಚ್ಚು ಕೇಡಿನದು: ಗಣಕ ನಡೆಯುತ್ತಲೇ ಇರುತ್ತದೆ, ಆದರೆ ಯಾವುದೋ ಒಂದು ಲೆಕ್ಕ ತಪ್ಪಿ, ಆ ತಪ್ಪು ಕಡತಕ್ಕೆ ಬರೆಯಲ್ಪಡುತ್ತದೆ. ವಾರಗಳ ನಂತರ ತೆರೆಯದ ಚಿತ್ರ ಅಥವಾ ಕೆಟ್ಟ ಸಂಗ್ರಹಪೆಟ್ಟಿಗೆಯ ರೂಪದಲ್ಲಿ ಅದು ಹೊರಬೀಳುತ್ತದೆ. ಪ್ರೊಸೆಸರ್ ತಾನೇ ಸರಿಪಡಿಸಿಕೊಂಡ ದೋಷಗಳನ್ನು ವಿಂಡೋಸ್ ತನ್ನ ಘಟನಾ ದಾಖಲೆಯಲ್ಲಿ ‘ವಿಯಾ’ ಎಂಬ ಶೀರ್ಷಿಕೆಯಡಿ ಬರೆದಿಡುತ್ತದೆ. ಪರೀಕ್ಷೆ ಯಶಸ್ವಿಯಾದಂತೆ ತೋರಿದರೂ ಅಲ್ಲಿ ನಮೂದುಗಳಿದ್ದರೆ ವೋಲ್ಟೇಜ್ ಸಾಲದೆಂದು ತಿಳಿಯಬೇಕು. ಲೆಕ್ಕಪತ್ರ, ಸಂಶೋಧನಾ ದತ್ತಾಂಶ ಇತ್ಯಾದಿ ಮುಖ್ಯ ಕಡತಗಳಿರುವ ಗಣಕದಲ್ಲಿ ಪರೀಕ್ಷೆಗೆ ಮೊದಲು ಪ್ರತಿ ತೆಗೆದಿಡುವುದು ಅವಶ್ಯ.

ಹಾನಿಯ ಬಗೆಗಳು

ಹೆಚ್ಚಿನ ವೋಲ್ಟೇಜ್ ಪ್ರೊಸೆಸರನ್ನು ಒಮ್ಮೆಲೇ ಸುಡುವುದು ಅಪರೂಪ. ಸಾಮಾನ್ಯವಾಗಿ ನಡೆಯುವುದು ನಿಧಾನವಾದ ಸವೆತ. ಇದರಲ್ಲಿ ಹಲವು ಪ್ರಕ್ರಿಯೆಗಳು ಒಟ್ಟಿಗೆ ಕೆಲಸ ಮಾಡುತ್ತವೆ. ತೆಳುವಾದ ತಂತಿಗಳಲ್ಲಿ ದಟ್ಟವಾಗಿ ಹರಿಯುವ ಎಲೆಕ್ಟ್ರಾನ್‌ಗಳು ಲೋಹದ ಪರಮಾಣುಗಳನ್ನೇ ತಳ್ಳಿಕೊಂಡು ಹೋಗುವುದು ಎಲೆಕ್ಟ್ರೋಮೈಗ್ರೇಷನ್; ಪ್ರವಾಹದ ಸಾಂದ್ರತೆ ಮತ್ತು ಉಷ್ಣತೆ ಹೆಚ್ಚಿದಂತೆ ಇದರಿಂದ ತಂತಿಯ ಆಯುಷ್ಯ ಕುಗ್ಗುವ ಬಗೆಯನ್ನು ಜೇಮ್ಸ್ ಬ್ಲ್ಯಾಕ್ 1969ರಲ್ಲಿ ಸಮೀಕರಣದ ರೂಪದಲ್ಲಿ ಕೊಟ್ಟರು. ಟ್ರಾನ್ಸಿಸ್ಟರಿನ ದ್ವಾರದ ಕೆಳಗಿರುವ, ಕೆಲವೇ ಪರಮಾಣುಗಳಷ್ಟು ದಪ್ಪದ ನಿರೋಧಕ ಪದರವು ವಿದ್ಯುತ್ ಕ್ಷೇತ್ರದ ಒತ್ತಡದಿಂದ ಕಾಲಕ್ರಮೇಣ ಶಿಥಿಲಗೊಳ್ಳುತ್ತದೆ. ಅದೇ ಪದರದಲ್ಲಿ ಆವೇಶಗಳು ಸಿಕ್ಕಿಕೊಂಡು, ಟ್ರಾನ್ಸಿಸ್ಟರ್ ತೆರೆಯಲು ಬೇಕಾದ ಕನಿಷ್ಠ ವೋಲ್ಟೇಜ್ ಏರುತ್ತ ಹೋಗುತ್ತದೆ. ಬಳಕೆದಾರರಿಗೆ ಇವೆಲ್ಲ ಒಂದೇ ರೂಪದಲ್ಲಿ ಕಾಣಿಸುತ್ತವೆ: ಹಿಂದೆ ಸ್ಥಿರವಾಗಿದ್ದ ವೇಗಕ್ಕೆ ಈಗ ಹೆಚ್ಚು ವೋಲ್ಟೇಜ್ ಬೇಕು. ಹೆಚ್ಚು ಕೊಟ್ಟರೆ ಸವೆತವೂ ಚುರುಕಾಗುತ್ತದೆ.

ಇದರ ಹಳೆಯ, ಹೆಸರಾಂತ ನಿದರ್ಶನ ಪೆಂಟಿಯಮ್ 4ರ ನಾರ್ತ್‌ವುಡ್ ಮಾದರಿ. ಸುಮಾರು 1.5 ವೋಲ್ಟ್‌ಗೆ ರೂಪಿಸಿದ್ದ ಈ ಪ್ರೊಸೆಸರ್‌ಗಳನ್ನು 1.7 ವೋಲ್ಟ್ ಮತ್ತು ಅದಕ್ಕೂ ಮೇಲೆ ನಡೆಸಿದವರಲ್ಲಿ ಹಲವರು ವಾರಗಳು ಅಥವಾ ತಿಂಗಳುಗಳಲ್ಲಿ ಅವನ್ನು ಕಳೆದುಕೊಂಡರು. ತಂಪುಕಾರಕ ಚೆನ್ನಾಗಿದ್ದರೂ ಇದು ನಡೆದದ್ದರಿಂದ, ಉಷ್ಣತೆ ಕಡಿಮೆಯಿದ್ದರೆ ಯಾವ ವೋಲ್ಟೇಜಾದರೂ ಸರಿ ಎಂಬ ನಂಬಿಕೆ ಸಡಿಲವಾಯಿತು. ಹವ್ಯಾಸಿಗಳು ಇದನ್ನು ‘ನಾರ್ತ್‌ವುಡ್‌ನ ಹಠಾತ್ ಸಾವಿನ ಲಕ್ಷಣಾವಳಿ’ ಎಂದು ಕರೆದರು.

2023ರ ಏಪ್ರಿಲ್‌ನಲ್ಲಿ ಎಎಂಡಿಯ ರೈಝೆನ್ 7000 ಸರಣಿಯ ಕೆಲವು ಪ್ರೊಸೆಸರ್‌ಗಳು, ವಿಶೇಷವಾಗಿ ಹೆಚ್ಚುವರಿ ಕ್ಯಾಶ್ ಪದರವಿರುವ ಎಕ್ಸ್3ಡಿ ಮಾದರಿಗಳು, ಕುಳಿಯಲ್ಲಿಯೇ ಸುಟ್ಟು ಉಬ್ಬಿದ ವರದಿಗಳು ಬಂದವು. ಮೆಮೊರಿಯ ವೇಗ ಹೆಚ್ಚಿಸುವ ಸಿದ್ಧ ಆಯ್ಕೆಯನ್ನು ಚಾಲೂ ಮಾಡಿದಾಗ ಮದರ್‌ಬೋರ್ಡ್‌ಗಳು ಎಸ್‌ಓಸಿ ವೋಲ್ಟೇಜನ್ನು ಮಿತಿಮೀರಿ ಏರಿಸುತ್ತಿದ್ದವು. ಎಎಂಡಿ ಹೊಸ ಫರ್ಮ್‌ವೇರ್ ಮೂಲಕ ಆ ವೋಲ್ಟೇಜನ್ನು 1.3 ವೋಲ್ಟ್‌ಗೆ ಸೀಮಿತಗೊಳಿಸಿತು. ಒಂದು ಗುಂಡಿ ಒತ್ತಿದ ಬಳಕೆದಾರರಿಗೆ ತಾವು ವೋಲ್ಟೇಜನ್ನು ಬದಲಾಯಿಸಿದ್ದೇವೆಂಬ ಅರಿವೇ ಇರಲಿಲ್ಲ.

ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಮೇಜುಗಣಕ ಪ್ರೊಸೆಸರ್‌ಗಳ ಪ್ರಕರಣ ಇನ್ನೂ ವ್ಯಾಪಕವಾದುದು. ಓವರ್‌ಕ್ಲಾಕ್ ಮಾಡದವರ ಗಣಕಗಳೂ ಅಸ್ಥಿರವಾದವು. ಕೋರ್‌ಗಳಿಗೆ ಕ್ಲಾಕ್ ಸಂಕೇತವನ್ನು ಹಂಚುವ ಒಂದು ಮಂಡಲವು ಹೆಚ್ಚಿನ ವೋಲ್ಟೇಜ್ ಮತ್ತು ಉಷ್ಣತೆಯಲ್ಲಿ ಬೇಗ ಸವೆಯುತ್ತದೆ ಎಂದು ಇಂಟೆಲ್ 2024ರಲ್ಲಿ ವಿವರಿಸಿತು. ಪ್ರೊಸೆಸರ್ ಕಾರ್ಯನಿರ್ವಹಿಸಲು ಬೇಕಾದ ಕನಿಷ್ಠ ವೋಲ್ಟೇಜ್ ಮೇಲಕ್ಕೆ ಸರಿಯುವುದು ಇದರ ಪರಿಣಾಮ. ಆ ವರ್ಷದ ಆಗಸ್ಟ್‌ನಲ್ಲಿ ಬಂದ ಮೈಕ್ರೋಕೋಡ್ ತಿದ್ದುಪಡಿ, ಪ್ರೊಸೆಸರ್ 1.55 ವೋಲ್ಟ್ ಮೀರಿ ಕೇಳುವುದನ್ನು ತಡೆಯಿತು. ಖಾತರಿ ಅವಧಿಯನ್ನು ಎರಡು ವರ್ಷ ವಿಸ್ತರಿಸಲಾಯಿತು. ತಿದ್ದುಪಡಿಯು ಮುಂದಿನ ಸವೆತವನ್ನು ತಡೆಯಬಲ್ಲದಾಗಿತ್ತು. ಆಗಲೇ ಸವೆದ ಪ್ರೊಸೆಸರನ್ನು ಸರಿಪಡಿಸಲಾರದಾಗಿತ್ತು.

ದೊಡ್ಡ ಸಂಖ್ಯೆಗಳೆಲ್ಲ ಅಪಾಯದ ಸೂಚನೆಯಲ್ಲ ಎಂಬುದನ್ನೂ ಗಮನಿಸಬೇಕು. ರೈಝೆನ್ ಪ್ರೊಸೆಸರ್‌ಗಳಲ್ಲಿ ಒಂದೆರಡು ಕೋರ್‌ಗಳು ಮಾತ್ರ ಓಡುವಾಗ ವೋಲ್ಟೇಜ್ 1.4 ವೋಲ್ಟ್ ದಾಟಿ 1.5ರ ಬಳಿ ಸುಳಿಯುವುದು ಸಹಜ ವರ್ತನೆ. ಆಗ ಪ್ರವಾಹ ಕಡಿಮೆ, ಅವಧಿಯೂ ಅಲ್ಪ. ಅದನ್ನು ನೋಡಿ ಅದೇ ವೋಲ್ಟೇಜನ್ನು ಎಲ್ಲ ಕೋರ್‌ಗಳಿಗೂ ಸ್ಥಿರವಾಗಿ ಬರೆದರೆ ಪೂರ್ಣ ಪ್ರವಾಹದಲ್ಲಿಯೂ ಅದು ಉಳಿದು ಸವೆತಕ್ಕೆ ದಾರಿಯಾಗುತ್ತದೆ. ಸುರಕ್ಷಿತ ವೋಲ್ಟೇಜ್ ಎಂಬುದು ಒಂಟಿ ಸಂಖ್ಯೆಯಲ್ಲ. ಪ್ರವಾಹ, ಉಷ್ಣತೆ ಮತ್ತು ಸಮಯಗಳೊಡನೆ ಸೇರಿಯೇ ಅದಕ್ಕೆ ಅರ್ಥ.

ದಾಖಲೆಗಾಗಿ ನಡೆಯುವ ಓವರ್‌ಕ್ಲಾಕಿಂಗ್ ಬೇರೆಯೇ ಲೋಕ. −196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ ಸಾರಜನಕದಿಂದ ತಂಪುಗೊಳಿಸಿದಾಗ ಸೋರಿಕೆ ತಗ್ಗುವುದರಿಂದ, ಸಾಮಾನ್ಯ ಸ್ಥಿತಿಯಲ್ಲಿ ಪ್ರೊಸೆಸರನ್ನು ಕೊಲ್ಲುವ ವೋಲ್ಟೇಜನ್ನು ಕೆಲವು ನಿಮಿಷ ಕೊಡಬಹುದು. 2011ರಲ್ಲಿ ಎಎಂಡಿಯ ಎಫ್ಎಕ್ಸ್ ಪ್ರೊಸೆಸರೊಂದು ದ್ರವ ಹೀಲಿಯಮ್‌ನ ನೆರವಿನಿಂದ 8.429 ಗಿಗಾಹರ್ಟ್ಸ್ ತಲುಪಿ ಗಿನ್ನೆಸ್ ದಾಖಲೆ ಬರೆಯಿತು. ಅಲ್ಲಿ ಬಳಸುವ ಸಂಖ್ಯೆಗಳಿಗೆ ಮನೆಯ ಗಣಕದಲ್ಲಿ ಯಾವ ಸ್ಥಾನವೂ ಇಲ್ಲ.

ಓವರ್‌ಕ್ಲಾಕಿಂಗ್‌ನಿಂದಾದ ಹಾನಿ ಸಾಮಾನ್ಯವಾಗಿ ತಯಾರಕರ ಖಾತರಿಯ ವ್ಯಾಪ್ತಿಗೆ ಬರುವುದಿಲ್ಲ. ಗುಣಕ ತೆರೆದಿರುವ ಪ್ರೊಸೆಸರುಗಳನ್ನು ಅದೇ ಉದ್ದೇಶಕ್ಕೆಂದು ಹೆಚ್ಚಿನ ಬೆಲೆಗೆ ಮಾರುವ ತಯಾರಕರೂ ಈ ನಿಬಂಧನೆಯನ್ನು ಇಟ್ಟುಕೊಂಡಿದ್ದಾರೆ. ಹೆಚ್ಚುವರಿ ಹಣ ಪಡೆದು ಒಮ್ಮೆ ಬದಲಿ ಪ್ರೊಸೆಸರ್ ನೀಡುವ ಯೋಜನೆಯನ್ನು ಇಂಟೆಲ್ 2012ರಿಂದ ನಡೆಸಿ 2021ರಲ್ಲಿ ನಿಲ್ಲಿಸಿತು.

ವೋಲ್ಟೇಜ್ ಇಳಿಕೆ

ಅದೇ ವೇಗವನ್ನು ಉಳಿಸಿಕೊಂಡು ವೋಲ್ಟೇಜನ್ನು ಕಡಿಮೆ ಮಾಡುವುದಕ್ಕೆ ಅಂಡರ್‌ವೋಲ್ಟಿಂಗ್ ಎಂದು ಹೆಸರು. ತಯಾರಕರು ಇಟ್ಟ ಸುರಕ್ಷತೆಯ ಅಂತರವನ್ನು ವೇಗದ ಬದಲು ತಂಪಿಗಾಗಿ ಬಳಸುವ ಕ್ರಮವಿದು. ವೋಲ್ಟೇಜ್ ಶೇಕಡಾ 8ರಷ್ಟು ಇಳಿದರೆ ಹೊರಳುವಿಕೆಯ ವ್ಯಯ ಸುಮಾರು ಶೇಕಡಾ 15ರಷ್ಟು ತಗ್ಗುತ್ತದೆ. ಶಾಖದ ಮಿತಿಯಿಂದ ವೇಗ ಕಳೆದುಕೊಳ್ಳುತ್ತಿದ್ದ ಪ್ರೊಸೆಸರ್ ಇದರಿಂದ ಮೊದಲಿಗಿಂತ ವೇಗವಾಗಿ ಓಡುವುದೂ ಉಂಟು. ಈಚಿನ ಪ್ರೊಸೆಸರ್‌ಗಳು ಕಾರ್ಖಾನೆಯಿಂದಲೇ ತಮ್ಮ ಮಿತಿಯ ಸಮೀಪದಲ್ಲಿ ಬರುತ್ತಿರುವುದರಿಂದ ವೋಲ್ಟೇಜ್ ಏರಿಸುವುದಕ್ಕಿಂತ ಇಳಿಸುವುದೇ ಹೆಚ್ಚು ಫಲದಾಯಕವಾಗಿದೆ. ಇದರಿಂದ ಸವೆತವಿಲ್ಲ; ಆದರೆ ಲೆಕ್ಕ ತಪ್ಪುವ ಅಪಾಯ ಓವರ್‌ಕ್ಲಾಕಿಂಗ್‌ನಷ್ಟೇ ಇದೆ, ಪರೀಕ್ಷೆಯೂ ಅಷ್ಟೇ ಅಗತ್ಯ.

2019ರ ಡಿಸೆಂಬರಿನಲ್ಲಿ ಪ್ರಕಟವಾದ ‘ಪ್ಲಂಡರ್‌ವೋಲ್ಟ್’ ಎಂಬ ದಾಳಿಯು ಈ ತಪ್ಪುಗಳನ್ನೇ ಆಯುಧವಾಗಿಸಿತು. ಇಂಟೆಲ್ ಪ್ರೊಸೆಸರಿನ ವೋಲ್ಟೇಜನ್ನು ತಂತ್ರಾಂಶದ ಮೂಲಕ ಬೇಕಾದ ಕ್ಷಣದಲ್ಲಿ ಇಳಿಸಿ, ರಕ್ಷಿತ ಆವರಣದೊಳಗಿನ ಗೂಢಲಿಪಿ ಲೆಕ್ಕಗಳನ್ನು ತಪ್ಪಿಸಿ, ಆ ತಪ್ಪುಗಳಿಂದ ಗುಪ್ತಕೀಲಿಯನ್ನು ಹೊರತೆಗೆಯಬಹುದೆಂದು ಸಂಶೋಧಕರು ತೋರಿಸಿದರು. ಇಂಟೆಲ್ ಇದಕ್ಕೆ ಪರಿಹಾರವಾಗಿ ವೋಲ್ಟೇಜ್ ಬದಲಾವಣೆಯನ್ನು ಬೀಗ ಹಾಕುವ ಫರ್ಮ್‌ವೇರ್ ತಿದ್ದುಪಡಿಯನ್ನು ಒದಗಿಸಿತು. ಅದರಿಂದಾಗಿ ಹಲವು ಲ್ಯಾಪ್‌ಟಾಪ್‌ಗಳಲ್ಲಿ ತಂತ್ರಾಂಶದ ಮೂಲಕ ವೋಲ್ಟೇಜ್ ಇಳಿಸುವ ಸೌಲಭ್ಯ ಇಲ್ಲವಾಯಿತು. ಓವರ್‌ಕ್ಲಾಕಿಂಗ್‌ಗೆಂದು ಮಾರಾಟವಾಗುವ ಮೇಜುಗಣಕ ಮದರ್‌ಬೋರ್ಡ್‌ಗಳ ಬಯೋಸ್‌ನಲ್ಲಿ ಅದು ಉಳಿದುಕೊಂಡಿದೆ.